ಚಾರ್ಜರ್ ಹಾಕಿದರೆ ಗುಂಯ್, ತೆಗೆದರೆ ಕರಕರ: ಡಿಜೆ ಕೆಲಸಕ್ಕೆ ಹೊಸ ಲ್ಯಾಪ್‌ಟಾಪೇ ಬೇಕೇ?

ಪ್ರಶ್ನೆ

"ಸರ್, ನಾನು ಹುಬ್ಬಳ್ಳಿ ಹತ್ತಿರದ ಊರಿನವನು. ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ, ಸೀಸನ್‌ನಲ್ಲಿ ಮದುವೆ, ಜಾತ್ರೆಗಳಿಗೆ ಡಿಜೆ. ಮನೆಯಲ್ಲಿ ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತದ ಸಾಫ್ಟ್‌ವೇರ್ ಹಾಕಿಕೊಂಡು ಜಾನಪದ ಹಾಡುಗಳಿಗೆ ಹಲಗಿ, ಡೊಳ್ಳಿನ ಬೀಟ್ ಕೂಡಿಸುತ್ತೇನೆ. ನನ್ನದು ಐ5-8250ಯು ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಯುಎಸ್‌ಬಿಯಲ್ಲಿ ನಡೆಯುವ ಎರಡು ಡೆಕ್‌ನ ಸಣ್ಣ ಡಿಜೆ ಕಂಟ್ರೋಲರ್ ಇದೆ. ಏಳೆಂಟು ಟ್ರ್ಯಾಕ್ ಆಗುತ್ತಿದ್ದಂತೆ ಸೌಂಡ್ ಕರಕರ ಎನ್ನುತ್ತದೆ. ಯಾವುದೋ ವಿಡಿಯೋ ನೋಡಿ ಎಎಸ್‌ಐಒ4ಆಲ್ ಹಾಕಿದೆ. ಬಫರ್ 128, ಸ್ಯಾಂಪಲ್ ರೇಟ್ 96,000 ಇಟ್ಟೆ. ಈಗ ಎಫ್‌ಎಲ್ ತೆರೆದಿದ್ದರೆ ಕ್ರೋಮ್‌ನಲ್ಲಿ ಸೌಂಡೇ ಬರುವುದಿಲ್ಲ. ಇನ್ನೊಂದು ಕಾಟ ಏನಂದರೆ, ಕಂಟ್ರೋಲರನ್ನು ಆಂಪ್ಲಿಫೈಯರ್‌ಗೆ ಕೊಟ್ಟು ಲ್ಯಾಪ್‌ಟಾಪ್ ಚಾರ್ಜರ್ ಹಾಕಿದರೆ ಸ್ಪೀಕರ್ ಗುಂಯ್ ಅನ್ನುತ್ತದೆ. ಅದಕ್ಕೆ ಚಾರ್ಜರ್ ತೆಗೆದೇ ಕೆಲಸ ಮಾಡುತ್ತೇನೆ. ಸೌಂಡ್ ಸರ್ವಿಸ್‌ನ ಅಣ್ಣ ಒಬ್ಬರು ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಿಬಿಡು ಎನ್ನುತ್ತಾರೆ. ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪೇ ಬೇಕು, 90 ಸಾವಿರ ಆಗುತ್ತದೆ ಎನ್ನುತ್ತಾರೆ. ಗೆಳೆಯ ಮ್ಯಾಕ್ ಬಿಟ್ಟು ಬೇರೆ ತಗೋಬೇಡ ಎನ್ನುತ್ತಾನೆ. ಸಾಲ ಮಾಡಿ ತಗೊಳ್ಳಲೇ?"

ಉತ್ತರ

ಈಗಲೇ ಸಾಲ ಮಾಡಬೇಡಿ. ನಿಮ್ಮ ಪತ್ರದಲ್ಲಿ ಎರಡು ತೊಂದರೆ ಬೇರೆ ಬೇರೆಯಾಗಿ ಬರೆದಿದ್ದೀರಿ. ನನಗೆ ಕಾಣುವ ಮಟ್ಟಿಗೆ ಅವು ಒಂದಕ್ಕೊಂದು ಗಂಟು ಬಿದ್ದಿವೆ. ಗುಂಯ್ ಎನ್ನುತ್ತದೆ ಎಂದು ಚಾರ್ಜರ್ ತೆಗೆಯುತ್ತೀರಿ. ಚಾರ್ಜರ್ ತೆಗೆದ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸಲು ತನ್ನ ವೇಗ ಇಳಿಸುತ್ತದೆ. ವೇಗ ಇಳಿದಾಗ ಸೌಂಡ್ ಕರಕರ ಎನ್ನುತ್ತದೆ. 90 ಸಾವಿರದ ಲ್ಯಾಪ್‌ಟಾಪ್ ತಂದು ಅದನ್ನೂ ಬ್ಯಾಟರಿ ಮೇಲೆ ನಡೆಸಿದರೆ, ತೊಂದರೆ ಅದರ ಜೊತೆಗೂ ಬರಬಹುದು.

ಮೊದಲು ಕರಕರ ಯಾಕೆ ಬರುತ್ತದೆ ನೋಡೋಣ. ಕಂಪ್ಯೂಟರ್ ಸೌಂಡನ್ನು ಒಂದೇ ಹರಿವಿನಲ್ಲಿ ಕೊಡುವುದಿಲ್ಲ, ಸಣ್ಣ ಸಣ್ಣ ತುಂಡು ಮಾಡಿ ಕೊಡುತ್ತದೆ. ಆ ತುಂಡೇ ಬಫರ್. ಮದುವೆ ಊಟದ ಪಂಕ್ತಿಯಲ್ಲಿ ಎಲೆ ಖಾಲಿಯಾಗುವ ಮುಂಚೆ ಬಡಿಸುವವರು ಬರಬೇಕಲ್ವಾ, ಹಾಗೆ ಒಂದು ತುಂಡು ನುಡಿದು ಮುಗಿಯುವಷ್ಟರಲ್ಲಿ ಮುಂದಿನ ತುಂಡು ತಯಾರಿರಬೇಕು. ತಡವಾದರೆ ಅಲ್ಲಿ ಮೌನ. ಸೆಕೆಂಡಿನ ನೂರರಲ್ಲೊಂದು ಭಾಗದ ಮೌನವೂ ಕಿವಿಗೆ 'ಟಕ್' ಎಂದು ಕೇಳುತ್ತದೆ. ಅದೇ ಸಾಲಾಗಿ ಬಂದರೆ ಕರಕರ.

ಆ ಗಡುವು ಎಷ್ಟು ಎಂದು ಲೆಕ್ಕ ಹಾಕುವುದು ಸುಲಭ. ಸ್ಯಾಂಪಲ್ ರೇಟ್ ಎಂದರೆ ಒಂದು ಸೆಕೆಂಡಿನ ಸೌಂಡಿಗೆ ಎಷ್ಟು ಬಿಡಿ ಅಳತೆ (ಸ್ಯಾಂಪಲ್) ಎಂಬುದು; ಬಫರ್ ಸಂಖ್ಯೆ ಎಂದರೆ ಒಂದು ತುಂಡಿನಲ್ಲಿ ಎಷ್ಟು ಸ್ಯಾಂಪಲ್ ಎಂಬುದು. ಬಫರನ್ನು ಸ್ಯಾಂಪಲ್ ರೇಟ್‌ನಿಂದ ಭಾಗಿಸಿ. ನಿಮ್ಮ 128 ಮತ್ತು 96,000ಕ್ಕೆ ಬರುವುದು 1.3 ಮಿಲಿಸೆಕೆಂಡ್. ಅಷ್ಟರೊಳಗೆ ನಿಮ್ಮ ಏಳೆಂಟು ಟ್ರ್ಯಾಕ್, ಅವುಗಳ ರಿವರ್ಬ್, ಕಂಪ್ರೆಸರ್, ಮಾಸ್ಟರ್ ಮೇಲಿನ ಲಿಮಿಟರ್ ಹೀಗೆ ಎಲ್ಲ ಎಫೆಕ್ಟ್‌ಗಳ ಲೆಕ್ಕ ಮುಗಿಯಬೇಕು. ಅದೂ ಸೆಕೆಂಡಿಗೆ 750 ಸಲ, ಒಂದು ಸಲವೂ ತಪ್ಪದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಬಫರ್ 512, ರೇಟ್ 44,100 ಇಟ್ಟರೆ ಗಡುವು 11.6 ಮಿಲಿಸೆಕೆಂಡ್ ಆಗುತ್ತದೆ. ಎಂಟು ಪಟ್ಟಿಗಿಂತ ಜಾಸ್ತಿ ಸಮಯ, ಒಂದು ರೂಪಾಯಿ ಖರ್ಚಿಲ್ಲದೆ.

"ತಡ ಆದರೆ ಲ್ಯಾಗ್ ಆಗುತ್ತಲ್ಲ ಸರ್" ಎಂದು ನೀವು ಕೇಳಬಹುದು. ಆಗುತ್ತದೆ, ಆದರೆ ಎಷ್ಟು? ಗಾಳಿಯಲ್ಲಿ ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ 11.6 ಮಿಲಿಸೆಕೆಂಡ್ ಎಂದರೆ ಸ್ಪೀಕರ್‌ನಿಂದ ನಾಲ್ಕು ಮೀಟರ್ ದೂರ ನಿಂತ ಹಾಗೆ. ಇದರ ಮೇಲೆ ಡ್ರೈವರ್ (ವಿಂಡೋಸ್‌ಗೂ ಯಂತ್ರಕ್ಕೂ ನಡುವೆ ಮಾತಾಡಿಸುವ ಸಾಫ್ಟ್‌ವೇರ್), ಯುಎಸ್‌ಬಿಯ ತಡ ಸ್ವಲ್ಪ ಸೇರುತ್ತದೆ. ಪ್ಯಾಡ್ ಬಡಿದು ಹಲಗಿ ಪೆಟ್ಟು ನುಡಿಸುವಾಗ ಇದು ಕೈಗೆ ಗೊತ್ತಾಗುತ್ತದೆ, ಒಪ್ಪುತ್ತೇನೆ. ಆಗ ಮಾತ್ರ 128ಕ್ಕೋ 256ಕ್ಕೋ ಇಳಿಸಿ. ಮೌಸ್‌ನಲ್ಲಿ ಬೀಟ್ ಜೋಡಿಸುವಾಗ, ಮಿಕ್ಸ್ ಮಾಡುವಾಗ 512 ಅಲ್ಲ, 1024 ಇಟ್ಟರೂ ನಿಮ್ಮ ಕೆಲಸಕ್ಕೆ ಏನೂ ಕಡಿಮೆಯಾಗದು. ಬಫರ್ ಒಮ್ಮೆ ಇಟ್ಟು ಮರೆಯುವ ಸೆಟ್ಟಿಂಗ್ ಅಲ್ಲ. ನುಡಿಸುವಾಗ ಇಳಿಸಿ, ಮಿಕ್ಸಿಂಗ್‌ಗೆ ಏರಿಸಿ. ಫೈನಲ್ ಫೈಲ್ ರೆಂಡರ್ ಮಾಡುವಾಗ ಬಫರ್‌ಗೂ ಗುಣಮಟ್ಟಕ್ಕೂ ಸಂಬಂಧವೇ ಇಲ್ಲ.

96,000ದ ಬಗ್ಗೆಯೂ ಹೇಳಿಬಿಡುತ್ತೇನೆ. ಸಂಖ್ಯೆ ದೊಡ್ಡದಿದ್ದರೆ ಸೌಂಡ್ ಚೆನ್ನಾಗಿರುತ್ತದೆ ಎಂಬುದು ಬಹಳ ಜನರ ನಂಬಿಕೆ. 44,100 ರೇಟ್ 22,050 ಹರ್ಟ್ಸ್‌ವರೆಗಿನ ಶಬ್ದ ಹಿಡಿಯುತ್ತದೆ. ಮನುಷ್ಯನ ಕಿವಿ ಒಳ್ಳೆಯ ವಯಸ್ಸಿನಲ್ಲಿ ಕೇಳುವುದು 20,000ದವರೆಗೆ. ನೀವು ಬಳಸುವ ಹಾಡುಗಳು ಬಹುಪಾಲು 44,100ರವು. ಅವನ್ನು 96,000ಕ್ಕೆ ಏರಿಸಿದರೆ ಹೊಸದೇನೂ ಹುಟ್ಟುವುದಿಲ್ಲ, ಪ್ರೊಸೆಸರ್ ಮೇಲೆ ಹೊರೆ ಮಾತ್ರ ಎರಡು ಪಟ್ಟಾಗುತ್ತದೆ. 44,100ಕ್ಕೆ ಮರಳಿ.

ಇನ್ನು ಎಎಸ್‌ಐಒ4ಆಲ್. ಎಎಸ್‌ಐಒ ಎಂಬುದು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ವ್ಯವಸ್ಥೆ. ವಿಂಡೋಸ್‌ನ ಮಿಕ್ಸರ್‌ಗೆ ಹೋಗದೆ ಸಾಫ್ಟ್‌ವೇರ್ ನೇರವಾಗಿ ಸೌಂಡ್ ಕಾರ್ಡ್ ಜೊತೆ ಮಾತಾಡುತ್ತದೆ. ಎಎಸ್‌ಐಒ4ಆಲ್ ನಿಜವಾದ ಎಎಸ್‌ಐಒ ಡ್ರೈವರ್ ಅಲ್ಲ. ಮಾಮೂಲಿ ವಿಂಡೋಸ್ ಡ್ರೈವರ್ ಮೇಲೆ ಹೊದಿಸಿದ ಪದರ ಅಷ್ಟೆ. ಅದು ಸೌಂಡ್ ಕಾರ್ಡನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಕ್ರೋಮ್ ಮೌನವಾದದ್ದು ಅದಕ್ಕೇ, ಏನೂ ಕೆಟ್ಟಿಲ್ಲ. ಎಫ್‌ಎಲ್ ಜೊತೆಗೇ 'ಎಫ್‌ಎಲ್ ಸ್ಟುಡಿಯೋ ಎಎಸ್‌ಐಒ' ಬಂದಿರುತ್ತದೆ. ಅದು ಬೇರೆ ಸಾಫ್ಟ್‌ವೇರ್‌ಗಳ ಜೊತೆ ಸೌಂಡ್ ಹಂಚಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಸ್ಪೀಕರ್, ಇಯರ್‌ಫೋನ್‌ನಲ್ಲಿ ಕೇಳುವಾಗ ಅದನ್ನು ಆರಿಸಿ. ಕಂಟ್ರೋಲರ್ ಮೂಲಕ ಕೇಳುವಾಗ, ಅದರ ಕಂಪನಿ ಎಎಸ್‌ಐಒ ಡ್ರೈವರ್ ಕೊಟ್ಟಿದ್ದರೆ ಅದನ್ನೇ ಹಾಕಿ. ತನ್ನ ಯಂತ್ರಕ್ಕೆಂದು ಕಂಪನಿಯೇ ಬರೆದ ಡ್ರೈವರ್ ಸಾಮಾನ್ಯವಾಗಿ ಎಲ್ಲಕ್ಕಿಂತ ಗಟ್ಟಿ.

ಈಗ ಬ್ಯಾಟರಿ ವಿಷಯ. ನಿಮ್ಮ ಪ್ರೊಸೆಸರ್‌ಗೆ ನಾಲ್ಕು ಕೋರ್ ಇವೆ. ಮೂಲ ವೇಗ 1.6 ಗಿಗಾಹರ್ಟ್ಸ್, ಜೋರು ಮಾಡಿದಾಗ ಒಂದು ಕೋರ್ 3.4ರವರೆಗೆ ಹೋಗುತ್ತದೆ. ಇದೊಂದು ಪ್ರಯೋಗ ಮಾಡಿ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಆರಿಸಿದರೆ 'ಸ್ಪೀಡ್' ಎಂಬ ಸಂಖ್ಯೆ ಓಡುತ್ತಿರುತ್ತದೆ. ನಿಮ್ಮ ಅತಿ ಭಾರದ ಪ್ರಾಜೆಕ್ಟ್ ಪ್ಲೇ ಮಾಡಿ, ಒಮ್ಮೆ ಚಾರ್ಜರ್ ಹಾಕಿ, ಒಮ್ಮೆ ತೆಗೆದು ಆ ಸಂಖ್ಯೆ ನೋಡಿ. ಚಾರ್ಜರ್ ತೆಗೆದಾಗ ಮೂರರ ಹತ್ತಿರ ಇದ್ದದ್ದು ಒಂದೂವರೆಗೋ ಅದಕ್ಕಿಂತ ಕೆಳಕ್ಕೋ ಬಿದ್ದರೆ ಕಳ್ಳ ಸಿಕ್ಕಿಬಿದ್ದ. ಎಫ್‌ಎಲ್‌ನ ಆಡಿಯೋ ಸೆಟ್ಟಿಂಗ್ಸ್ ಪುಟದಲ್ಲಿ 'ಅಂಡರ್‌ರನ್ಸ್' ಎಂಬ ಲೆಕ್ಕವೂ ಕಾಣುತ್ತದೆ. ಗಡುವು ತಪ್ಪಿದಷ್ಟೂ ಅದು ಏರುತ್ತದೆ. ಕಿವಿಗಿಂತ ಅದನ್ನು ನಂಬಿ.

ಚಾರ್ಜರ್ ಹಾಕಿದ ಮೇಲೂ ಆ ಲೆಕ್ಕ ಏರುತ್ತಿದ್ದರೆ ಮುಂದಿನ ಗುಮಾನಿ ಡ್ರೈವರ್‌ಗಳ ಮೇಲೆ. ಸಿಪಿಯು ಮೀಟರ್ 30 ಪರ್ಸೆಂಟ್ ತೋರಿಸುತ್ತಿದ್ದರೂ ಸೌಂಡ್ ಒಡೆಯುವುದುಂಟು. ಯಾಕೆಂದರೆ ವೈಫೈ, ಗ್ರಾಫಿಕ್ಸ್, ಬ್ಯಾಟರಿ ನೋಡಿಕೊಳ್ಳುವ ಡ್ರೈವರ್‌ಗಳು ಕೆಲವೊಮ್ಮೆ ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡ್ ಹಿಡಿದುಕೊಂಡು ಬಿಡುವುದೇ ಇಲ್ಲ. ಅಷ್ಟರಲ್ಲಿ ಸೌಂಡಿನ ಗಡುವು ಮುಗಿದಿರುತ್ತದೆ. ಲೇಟೆನ್ಸಿಮಾನ್ ಎಂಬ ಸಣ್ಣ ಸಾಫ್ಟ್‌ವೇರ್ ಇದೆ, ಮನೆ ಬಳಕೆಗೆ ಉಚಿತ. ಅದನ್ನು ಹತ್ತು ನಿಮಿಷ ಓಡಿಸಿದರೆ ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ಹೆಸರು ಸಮೇತ ತೋರಿಸುತ್ತದೆ. ಎನ್‌ಡಿಐಎಸ್ ಎಂದು ಬಂದರೆ ನೆಟ್‌ವರ್ಕ್ ಕಡೆಯದು. ವೈಫೈ ಆಫ್ ಮಾಡಿ ಮತ್ತೆ ಓಡಿಸಿ. ಎಸಿಪಿಐ ಎಂದು ಬಂದರೆ ಪವರ್ ಮತ್ತು ಬಯಾಸ್ ಕಡೆ ನೋಡಿ. ಕೆಲಸದ ಹೊತ್ತಿಗೆ ವೈಫೈ, ಬ್ಲೂಟೂತ್ ಎರಡೂ ಆಫ್ ಮಾಡುವುದು ಹೇಗೂ ಒಳ್ಳೆಯ ಅಭ್ಯಾಸ. ಪವರ್ ಪ್ಲಾನ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಇಡಿ, 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಆಫ್ ಮಾಡಿ. ಎರಡನೆಯದನ್ನು ಆಫ್ ಮಾಡದಿದ್ದರೆ ಕಾರ್ಯಕ್ರಮದ ನಡುವೆ ಕಂಟ್ರೋಲರ್ ಒಮ್ಮೆಲೇ ಕೈಕೊಡುವ ಅಪಾಯ ಇದೆ. ಇಷ್ಟು ಹಳೆಯ ಲ್ಯಾಪ್‌ಟಾಪ್‌ನ ಫ್ಯಾನ್‌ನಲ್ಲಿ ಧೂಳು ಕಟ್ಟಿರುತ್ತದೆ. ಬಿಸಿಯಾದರೂ ಪ್ರೊಸೆಸರ್ ವೇಗ ಇಳಿಸುತ್ತದೆ. ಒಮ್ಮೆ ಬಿಚ್ಚಿಸಿ ಕ್ಲೀನ್ ಮಾಡಿಸಿ, ಥರ್ಮಲ್ ಪೇಸ್ಟ್ ಹೊಸದು ಹಾಕಿಸಿ.

ಇನ್ನು ಗುಂಯ್. ದಯವಿಟ್ಟು ಇದನ್ನು ಗಮನ ಇಟ್ಟು ಓದಿ.

ಅರ್ಥ್ ಪಿನ್ ಕತ್ತರಿಸಬೇಡಿ. ಯಾರು ಹೇಳಿದರೂ, ಎಷ್ಟು ವರ್ಷ ಅನುಭವ ಇದ್ದವರು ಹೇಳಿದರೂ ಬೇಡ. ಕತ್ತರಿಸಿದರೆ ಗುಂಯ್ ನಿಲ್ಲುವುದು ನಿಜ, ಅದಕ್ಕೇ ಈ ಸಲಹೆ ಊರೂರು ತಿರುಗುತ್ತದೆ. ಆದರೆ ಆಂಪ್ಲಿಫೈಯರ್ ಒಳಗೆ ಒಂದು ವೈರ್ ಸಡಿಲವಾಗಿ ಕಬ್ಬಿಣದ ಮೈಗೆ ತಾಗಿತು ಅನ್ನಿ. ಅರ್ಥ್ ಇದ್ದರೆ ಕರೆಂಟ್ ನೆಲಕ್ಕೆ ಹೋಗಿ ಫ್ಯೂಸ್ ಹಾರುತ್ತದೆ. ಅರ್ಥ್ ಇಲ್ಲದಿದ್ದರೆ ಆ 230 ವೋಲ್ಟ್ ಪೆಟ್ಟಿಗೆಯ ಮೈ ಮೇಲೆ ಕಾಯುತ್ತಾ ಇರುತ್ತದೆ, ಮೊದಲು ಮುಟ್ಟುವವರಿಗಾಗಿ. ಕೇಬಲ್ ಮೂಲಕ ಮೈಕ್ ಹಿಡಿದವರಿಗೂ ಬರಬಹುದು. ಮೆರವಣಿಗೆ ಗಾಡಿ, ಜನರೇಟರ್, ಮಳೆ, ಬರಿಗಾಲು ಇವೆಲ್ಲ ನಿಮ್ಮ ಕೆಲಸದಲ್ಲಿ ದಿನಾ ಇರುವವು. ಗಾಡಿ ಮೇಲಿನ ಬೋರ್ಡ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇದೆಯೇ ಎಂದು ಸೌಂಡ್ ಸರ್ವಿಸ್‌ನವರನ್ನು ಕೇಳಿ. ಇಲ್ಲದಿದ್ದರೆ ಹಾಕಿಸುವಂತೆ ಹಟ ಹಿಡಿಯಿರಿ. ಕಂಪ್ಯೂಟರ್ ವಿಷಯ ಆಮೇಲೆ ಆದರೂ ಆದೀತು.

ಗುಂಯ್ ಬರುವ ಕಾರಣ ಇಷ್ಟು: ಲ್ಯಾಪ್‌ಟಾಪ್ ಚಾರ್ಜರ್ ಒಂದು ದಾರಿಯಲ್ಲಿ ಅರ್ಥ್‌ಗೆ ಸೇರಿದೆ, ಆಂಪ್ಲಿಫೈಯರ್ ಇನ್ನೊಂದು ದಾರಿಯಲ್ಲಿ. ನಡುವೆ ಯುಎಸ್‌ಬಿ ಮತ್ತು ಆಡಿಯೋ ಕೇಬಲ್ ಎರಡನ್ನೂ ಕೂಡಿಸಿ ಒಂದು ಸುತ್ತು ಮಾಡುತ್ತವೆ. ಎರಡು ಅರ್ಥ್‌ಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ಆ ಸುತ್ತಿನಲ್ಲಿ ಹರಿದು, ನಮ್ಮ ಕರೆಂಟಿನ 50 ಹರ್ಟ್ಸ್ ಸ್ಪೀಕರ್‌ನಲ್ಲಿ ಕೇಳುತ್ತದೆ. ಇದನ್ನೇ ಗ್ರೌಂಡ್ ಲೂಪ್ ಎನ್ನುವುದು. ಗುಂಯ್ ಬದಲು ಮೌಸ್ ಅಲ್ಲಾಡಿಸಿದಾಗ ಕೀಚ್ ಕೀಚ್ ಎಂದರೂ ದಾರಿ ಬಹುಮಟ್ಟಿಗೆ ಇದೇ.

ಮೊದಲು ಖರ್ಚಿಲ್ಲದ ಕೆಲಸ. ಲ್ಯಾಪ್‌ಟಾಪ್ ಚಾರ್ಜರ್, ಮಿಕ್ಸರ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ. ಬೋರ್ಡ್ ಅಷ್ಟು ಲೋಡ್ ತಡೆಯುವಂಥದ್ದಿರಲಿ. ಮನೆಯಲ್ಲಿ ಸಣ್ಣ ಆಂಪ್ಲಿಫೈಯರ್ ಆದ್ದರಿಂದ ಇಷ್ಟಕ್ಕೇ ನಿಲ್ಲಬಹುದು. ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ಎಂದು ಅಳೆಯಿಸಿ. ಒಂದೆರಡು ವೋಲ್ಟ್ ಇದ್ದರೆ ಸರಿ. ಹತ್ತಿಪ್ಪತ್ತು ಬಂದರೆ ವೈರಿಂಗ್ ಅಥವಾ ಅರ್ಥಿಂಗ್ ಸರಿಯಿಲ್ಲ. ಗುಂಯ್‌ಗಿಂತ ದೊಡ್ಡ ವಿಷಯ ಅದು, ಮೊದಲು ಅದನ್ನು ಸರಿ ಮಾಡಿಸಿ.

ಆಮೇಲೂ ಉಳಿದರೆ ಕಂಟ್ರೋಲರ್ ಮತ್ತು ಮಿಕ್ಸರ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವ, ಎರಡು ಚಾನೆಲ್‌ನ ಡಿಐ ಬಾಕ್ಸ್ ಹಾಕಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಸಿಗ್ನಲ್ ಮಾತ್ರ ದಾಟಿಸಿ ಅರ್ಥ್ ಸುತ್ತನ್ನು ಕಡಿಯುತ್ತದೆ. ಪ್ಲಗ್‌ನ ಅರ್ಥ್ ಹಾಗೇ ಇರುತ್ತದೆ. ಕೆಲವು ನೂರು ರೂಪಾಯಿಗೆ 'ಗ್ರೌಂಡ್ ಲೂಪ್ ಐಸೊಲೇಟರ್' ಎಂಬ ಪುಟ್ಟ ಡಬ್ಬಿಯೂ ಸಿಗುತ್ತದೆ. ಮನೆಯಲ್ಲಿ ಪರೀಕ್ಷೆಗೆ ಅದು ಸಾಕು. ಆದರೆ ಅದರ ಪುಟಾಣಿ ಟ್ರಾನ್ಸ್‌ಫಾರ್ಮರ್ ಜೋರು ಬೇಸ್ ತಡೆಯಲಾರದು. ಡೊಳ್ಳಿನ ಗುಡುಗು ಬೇಕಾದ ಕಡೆ ಸೌಂಡ್ ತೆಳ್ಳಗಾಗುತ್ತದೆ. ನಿಮ್ಮಂಥವರು ಡಿಐ ಬಾಕ್ಸ್‌ಗೇ ಹಣ ಹಾಕುವುದು ಮೇಲು. ಲ್ಯಾಪ್‌ಟಾಪ್ ಬದಲಾದರೂ ಅದು ಜೊತೆಗಿರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಮಾತಿಗೆ ಬರೋಣ. ಎಫ್‌ಎಲ್‌ನಂಥ ಸಾಫ್ಟ್‌ವೇರ್ ಸೌಂಡಿನ ಲೆಕ್ಕ ಮಾಡುವುದು ಪ್ರೊಸೆಸರ್‌ನಲ್ಲಿ, ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಅಲ್ಲ. ಅಂಗಡಿಯವರು ಪೂರ್ತಿ ಸುಳ್ಳೂ ಹೇಳಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಜೋರಿರುತ್ತದೆ, ಫ್ಯಾನ್ ದೊಡ್ಡದಿರುತ್ತದೆ. ಒಂದೇ ಒಂದು ಕಡೆ ಗ್ರಾಫಿಕ್ಸ್ ಕಾರ್ಡ್ ಉಪಯೋಗಕ್ಕೆ ಬರಬಹುದು. ಹಾಡಿನಿಂದ ಗಾಯನ, ಡ್ರಮ್ಸ್ ಬೇರೆ ಮಾಡುವ ಸ್ಟೆಮ್ಸ್ ಈಗ ಸೆರಾಟೋ, ರೆಕಾರ್ಡ್‌ಬಾಕ್ಸ್, ವರ್ಚುವಲ್‌ಡಿಜೆ ಈ ಡಿಜೆ ಸಾಫ್ಟ್‌ವೇರ್ ಎಲ್ಲದರಲ್ಲೂ ಬಂದಿದೆ, ಅದು ಭಾರಿ ಲೆಕ್ಕದ ಕೆಲಸ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸ್ಟೇಜ್ ಮೇಲೆ ಆ ಸಾಹಸ ಬೇಡ. ಸಾಫ್ಟ್‌ವೇರ್‌ನಲ್ಲಿ ಅವಕಾಶ ಇದ್ದರೆ ಮನೆಯಲ್ಲೇ ಮುಂಚಿತವಾಗಿ ಸ್ಟೆಮ್ಸ್ ತಯಾರಿಸಿಟ್ಟುಕೊಳ್ಳಿ. ಹೊಸ ಹಾಡುಗಳ ಬಿಪಿಎಂ (ತಾಳದ ವೇಗ), ಕೀ (ಶ್ರುತಿ) ಅನಾಲಿಸಿಸ್ ಕೂಡ ಮನೆಯಲ್ಲೇ ಮುಗಿಸಿ. ಇವೆರಡನ್ನು ಬಿಟ್ಟರೆ ಎರಡು ಡೆಕ್‌ನ ಡಿಜೆ ಕೆಲಸ ಕಂಪ್ಯೂಟರ್‌ಗೆ ಹಗುರ. ನಿಮ್ಮ ಐ5ಗೆ ಅದು ಏನೂ ಅಲ್ಲ.

ಮ್ಯಾಕ್ ಒಳ್ಳೆಯದೇ. ಅದರಲ್ಲಿ ಆಡಿಯೋ ವ್ಯವಸ್ಥೆ ಸಿಸ್ಟಮ್ ಜೊತೆಗೇ ಬಂದಿರುವುದರಿಂದ ಡ್ರೈವರ್ ತಲೆನೋವು ಕಡಿಮೆ. 2020ರಲ್ಲಿ ಬಂದ ಎಂ1 ಚಿಪ್‌ನವು ಬ್ಯಾಟರಿ ಮೇಲೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಓಡುತ್ತವೆ. 2018ರಿಂದ ಎಫ್‌ಎಲ್ ಮ್ಯಾಕ್‌ನಲ್ಲೂ ಇದೆ, ಒಂದೇ ಲೈಸೆನ್ಸ್ ಎರಡಕ್ಕೂ ನಡೆಯುತ್ತದೆ. ಆದರೆ ಆ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಆಗಲಿ ಸ್ಟೋರೇಜ್ ಆಗಲಿ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ 8 ಜಿಬಿಯದು ಅಗ್ಗಕ್ಕೆ ಸಿಕ್ಕಿತು ಎಂದು ತಂದರೆ ಮುಂದೆ ಕೈಕಟ್ಟುತ್ತದೆ. ಹಳೆಯ ಕಂಟ್ರೋಲರ್‌ಗೆ ಹೊಸ ಮ್ಯಾಕ್‌ಓಎಸ್ ಡ್ರೈವರ್ ಇದೆಯೇ ಎಂದು ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡದೆ ಹಣ ಕೊಡಬೇಡಿ.

ನಿಮ್ಮ ಲ್ಯಾಪ್‌ಟಾಪ್‌ಗೆ ಖರ್ಚು ಮಾಡುವುದಾದರೆ ಎರಡೇ ಕಡೆ ಮಾಡಿ. ರ‍್ಯಾಮ್ 16 ಜಿಬಿ, ಮತ್ತು ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ. ಎಫ್‌ಎಲ್ ಸ್ಯಾಂಪಲ್‌ಗಳನ್ನು ಸಾಮಾನ್ಯವಾಗಿ ರ‍್ಯಾಮ್‌ಗೇ ತುಂಬಿಕೊಳ್ಳುತ್ತದೆ. 8 ಜಿಬಿಯಲ್ಲಿ ವಿಂಡೋಸ್, ಕ್ರೋಮ್ ತಿಂದು ಉಳಿದದ್ದು ಸಾಲದೆ ಹೋದಾಗ ವಿಂಡೋಸ್ ಡಿಸ್ಕ್ ಕಡೆ ಕೈಚಾಚುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಒಂದು ತುಂಡು ಹುಡುಕಲು ಹತ್ತು ಮಿಲಿಸೆಕೆಂಡ್‌ಗೂ ಜಾಸ್ತಿ ತೆಗೆದುಕೊಳ್ಳುತ್ತದೆ. ಸೌಂಡಿನ ಗಡುವು ಎಷ್ಟು ಎಂದು ಮೇಲೆ ನೋಡಿದೆವಲ್ಲ. ಅಂದಮಾತ್ರಕ್ಕೆ ಅತಿ ವೇಗದ ದುಬಾರಿ ಎಸ್‌ಎಸ್‌ಡಿ ಬೇಡ. ಒಂದು ಸ್ಟೀರಿಯೋ ಟ್ರ್ಯಾಕ್‌ಗೆ ಸೆಕೆಂಡಿಗೆ ಬೇಕಾಗುವುದು ಕಾಲು ಎಂಬಿಯಷ್ಟು. ನಲವತ್ತು ಟ್ರ್ಯಾಕ್ ಆದರೂ ಹನ್ನೊಂದು ಎಂಬಿ ದಾಟದು. ಸಾದಾ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ಓದುತ್ತದೆ. ಕೊಳ್ಳುವ ಮುಂಚೆ ಹಿಂಬದಿ ತೆಗೆಸಿ ರ‍್ಯಾಮ್ ಸ್ಲಾಟ್ ಖಾಲಿ ಇದೆಯೇ ನೋಡಿ. ತೆಗೆದ ಹಾರ್ಡ್ ಡಿಸ್ಕ್‌ಗೆ ಒಂದು ಯುಎಸ್‌ಬಿ ಕೇಸ್ ಹಾಕಿ, ಪ್ರಾಜೆಕ್ಟ್‌ಗಳ ಬ್ಯಾಕಪ್‌ಗೆ ಇಟ್ಟುಕೊಳ್ಳಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ಕ್ಕೆ ಹೊಂದುತ್ತದೆ. ಎಸ್‌ಎಸ್‌ಡಿ ಹಾಕಿಸುವಾಗಲೇ ಹೊಸದಾಗಿ ಅದನ್ನು ಹಾಕಿಸಿಬಿಡಿ, ಆದರೆ ಬುಕಿಂಗ್ ಇರುವ ವಾರ ಬೇಡ.

ನೀವು ಬರೆದಿಲ್ಲ, ಆದರೂ ಹೇಳಲೇಬೇಕು. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ಕ್ರ್ಯಾಕ್ (ಕಳ್ಳ ನಕಲು) ಪ್ಲಗ್‌ಇನ್‌ಗಳಿದ್ದರೆ ಹೊಸ ವಿಂಡೋಸ್‌ಗೆ ಅವನ್ನು ತರಬೇಡಿ. ಆಂಟಿವೈರಸ್ ಆಫ್ ಮಾಡಿ ಹಾಕಿ ಎನ್ನುವ ಫೈಲ್‌ನೊಳಗೆ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಫೋನ್‌ಪೇ, ಬ್ಯಾಂಕು ನೋಡುವುದೂ ಅದೇ ಲ್ಯಾಪ್‌ಟಾಪ್‌ನಲ್ಲಿ ಅಲ್ವಾ? ಎಫ್‌ಎಲ್ ಒಮ್ಮೆ ಕೊಂಡರೆ ಮುಂದಿನ ಅಪ್‌ಡೇಟ್‌ಗಳು ಜೀವಮಾನಪೂರ್ತಿ ಉಚಿತ. ಕೊಳ್ಳುವಾಗ ಒಂದು ಎಚ್ಚರಿಕೆ: ಅತಿ ಅಗ್ಗದ ಫ್ರೂಟಿ ಎಡಿಷನ್‌ನಲ್ಲಿ ಆಡಿಯೋ ರೆಕಾರ್ಡಿಂಗ್ ಇಲ್ಲ. ಹಲಗಿಯನ್ನು ನೀವೇ ಮೈಕ್ ಇಟ್ಟು ಹಿಡಿಯುವವರಾದರೆ ಪ್ರೊಡ್ಯೂಸರ್ ಎಡಿಷನ್ ಬೇಕು. ಅಷ್ಟು ಹಣ ಈಗ ಇಲ್ಲದಿದ್ದರೆ ರೀಪರ್ ಎಂಬ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಡಿಜೆ ಕೆಲಸಕ್ಕೆ ಮಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಚೆನ್ನಾಗಿದೆ, ಹೆಸರಿನ ಕೊನೆಗೆ ಮೂರು ಎಕ್ಸ್ ಇರುವುದು. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಯಾವುದಕ್ಕೂ ಬೇಡ. ನೂರು ಮಿಲಿಸೆಕೆಂಡ್‌ಗಿಂತ ಜಾಸ್ತಿ ತಡ ಅದರಲ್ಲೇ ಇರುತ್ತದೆ, ಬೀಟ್ ಕೂಡಿಸಲು ಆಗುವುದೇ ಇಲ್ಲ.

ಈ ವಾರ ಹೀಗೆ ಮಾಡಿ. ಒಂದೇ ಬೋರ್ಡ್‌ಗೆ ಎಲ್ಲ ಹಾಕಿ, ಚಾರ್ಜರ್ ತೆಗೆಯದೆ, 44,100 ಮತ್ತು 512 ಇಟ್ಟು ಅದೇ ಪ್ರಾಜೆಕ್ಟ್ ಪೂರ್ತಿ ಪ್ಲೇ ಮಾಡಿ. ಅಂಡರ್‌ರನ್ಸ್ ಎಷ್ಟು ಬಂತು ಬರೆದಿಟ್ಟುಕೊಳ್ಳಿ. ಸೊನ್ನೆ ಬಂದರೆ ಲ್ಯಾಪ್‌ಟಾಪ್ ಮಾತು ಇನ್ನೆರಡು ವರ್ಷ ಮರೆಯಿರಿ. ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿದ ಮೇಲೂ ಅದು ಏರುತ್ತಲೇ ಇದ್ದರೆ ಹೊಸದು ನೋಡಿ. ಆಗಲೂ ಹೆಸರಿನಲ್ಲಿ 'ಯು' ಬದಲು 'ಎಚ್' ಇರುವ ಪ್ರೊಸೆಸರ್, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ ಸಾಕು. ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಲೇಟೆನ್ಸಿಮಾನ್ ಒಯ್ಯಿರಿ. ಡೆಮೋ ಪೀಸ್ ಮೇಲೆ ಹತ್ತು ನಿಮಿಷ ಓಡಿಸಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.